ಗಣಕಯಂತ್ರ ಕೊಳ್ಳುವ ಮೊದಲು

(ಸಂಘದ ವಾಚನಾಲಯದಲ್ಲಿ ಕಾಲೇಜು ವಿದ್ಯಾರ್ಥಿಗಳು ಹಾಗೂ ಅವರ ತಂದೆತಾಯಂದಿರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನನಗೆ ಕೊಟ್ಟಿರುವ ವಿಷಯದ ಹೆಸರು ಉದ್ದವಾಗಿದೆ: “ವಿಜ್ಞಾನದ ಸಾಫ್ಟ್‌ವೇರಿಗೆ ಹೊಂದುವ ಆಪರೇಟಿಂಗ್ ಸಿಸ್ಟಮ್ ಆವೃತ್ತಿಯನ್ನು ಆರಿಸುವುದು ಹೇಗೆ?” ಹೆಸರು ಕೇಳಿ, ಇದು ನಮಗೆ ಸೇರಿದ್ದಲ್ಲವೆಂದು ಹಿಂದಿನ ಸಾಲಿನವರು ಯಾರೂ ಎದ್ದು ಹೋಗಬಾರದಾಗಿ ವಿನಂತಿ. ಏಕೆಂದರೆ ಈ ವಿಷಯ ಸುತ್ತಿ ಸುತ್ತಿ ಕೊನೆಗೆ ಬಂದು ಮುಟ್ಟುವುದು ನಿಮ್ಮ ಜೇಬಿಗೆ, ನಿಮ್ಮ ಮಕ್ಕಳ ವಿದ್ಯೆಗೆ.

ನಮ್ಮ ಮನೆಗಳಲ್ಲಿ ನಡೆಯುವುದೇನು? ತಂದೆ ಹಗಲಿರುಳು ಒಲೆಯ ಮುಂದೆ ನಿಂತು, ತಾಯಿ ನಾಲ್ಕು ಮನೆಗೆ ಚಕ್ಕುಲಿ ಕರಿದುಕೊಟ್ಟು, ಮಗನನ್ನೋ ಮಗಳನ್ನೋ ಬಿ.ಎಸ್‌ಸಿ.ಗೆ ಇಲ್ಲವೆ ಎಂಜಿನಿಯರಿಂಗಿಗೆ ಸೇರಿಸುತ್ತಾರೆ. ಮಗುವಿಗೆ ಕಂಪ್ಯೂಟರ್ ಬೇಕು. ಚೀಟಿಯ ಹಣ ಎತ್ತುತ್ತಾರೆ, ಸೊಸೈಟಿಯಲ್ಲಿ ಸಾಲ ತೆಗೆಯುತ್ತಾರೆ. ಅಂಗಡಿಯವನು, “ಸೇಠ್, ಇದು ಎಲ್ಲಕ್ಕಿಂತ ಹೊಸದು” ಎನ್ನುತ್ತಾನೆ. ಹೊಸದು ಎಂದಮೇಲೆ ಒಳ್ಳೆಯದೇ ಇರಬೇಕೆಂದು ನಂಬಿ ಹಣ ಎಣಿಸಿ ಕೊಡುತ್ತೇವೆ. ಮರುವಾರ ಕಾಲೇಜಿನಲ್ಲಿ ಅಧ್ಯಾಪಕರು ಹೇಳಿದ ಸಾಫ್ಟ್‌ವೇರ್ ಅದರ ಮೇಲೆ ಏರುವುದೇ ಇಲ್ಲ! ಆ ಯಂತ್ರ ಊಟಕ್ಕಿಲ್ಲದ ಉಪ್ಪಿನಕಾಯಿಯಾಗಿ ಮೂಲೆಯಲ್ಲಿ ಕುಳಿತುಕೊಳ್ಳುತ್ತದೆ. ಮಗು ಸ್ನೇಹಿತನ ಕೋಣೆಗೆ ಅಲೆಯುತ್ತದೆ.

ಇದು ಆಗದಂತೆ ನೋಡಿಕೊಳ್ಳುವುದು ಕಷ್ಟವಲ್ಲ. ಇಡೀ ಭಾಷಣದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲು ಕೆಲಸ ಯಾವುದೆಂದು ತಿಳಿಯಿರಿ, ಆಮೇಲೆ ಆ ಕೆಲಸದ ಸಾಫ್ಟ್‌ವೇರ್, ಆಮೇಲೆ ಅದಕ್ಕೆ ಹೊಂದುವ ಆಪರೇಟಿಂಗ್ ಸಿಸ್ಟಮ್, ಎಲ್ಲಕ್ಕೂ ಕೊನೆಗೆ ಯಂತ್ರ. ಅಂಗಡಿಯಲ್ಲಿ ನಡೆಯುವುದು ಇದರ ತಲೆಕೆಳಗು.

ಆಪರೇಟಿಂಗ್ ಸಿಸ್ಟಮ್ ಎಂದರೇನು?

ನಮ್ಮ ಹೋಟೆಲನ್ನೇ ತೆಗೆದುಕೊಳ್ಳಿ. ಗಿರಾಕಿ ಒಳಗೆ ನುಗ್ಗಿ ದೋಸೆಯ ಕಾವಲಿಗೆ ಕೈ ಹಾಕುವುದಿಲ್ಲ. ಮಾಣಿಗೆ ಹೇಳುತ್ತಾನೆ, ಮಾಣಿ ಒಳಗೆ ಕೂಗುತ್ತಾನೆ, ಭಟ್ಟರು ಹುಯ್ದುಕೊಡುತ್ತಾರೆ. ಯಾವ ಮೇಜಿಗೆ ಏನು, ಯಾರದು ಮೊದಲು, ಎಷ್ಟು ಬಿಲ್ಲು ಎಂಬ ಏರ್ಪಾಟೆಲ್ಲ ಮ್ಯಾನೇಜರದು. ಕಂಪ್ಯೂಟರಿನಲ್ಲಿ ಆ ಏರ್ಪಾಟಿಗೇ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ವಿಂಡೋಸ್, ಆಪಲ್ ಕಂಪೆನಿಯ ಮ್ಯಾಕ್ ಓಎಸ್, ಲಿನಕ್ಸ್ ಇವು ಅದರ ಮುಖ್ಯ ಜಾತಿಗಳು. ಲೆಕ್ಕ ಮಾಡುವ ಸಾಫ್ಟ್‌ವೇರ್ ತಾನೇ ಹೋಗಿ ಡಿಸ್ಕನ್ನು ಮುಟ್ಟುವುದಿಲ್ಲ, “ಈ ಕಡತ ಕೊಡು, ಇಷ್ಟು ಜಾಗ ಕೊಡು” ಎಂದು ಆಪರೇಟಿಂಗ್ ಸಿಸ್ಟಮನ್ನು ಕೇಳುತ್ತದೆ.

ಮ್ಯಾನೇಜರು ಬದಲಾದರೆ ಏರ್ಪಾಟೂ ಬದಲಾಗುವುದು ನಿಮಗೆ ಗೊತ್ತು. ಹಾಗೆಯೇ ಆವೃತ್ತಿ ಬದಲಾದಾಗ ಹಳೆಯ ಕೆಲವು ಸೇವೆಗಳು ನಿಲ್ಲುತ್ತವೆ, ಹೊಸ ಕೆಲವು ಬರುತ್ತವೆ. ನಿಮ್ಮ ಹಳೆಯ ಮೊಬೈಲಿನಲ್ಲಿ ವಾಟ್ಸ್ಆ್ಯಪ್ ಒಂದು ದಿನ ನಿಂತುಹೋದುದು ಇದೇ ಕಾರಣದಿಂದ.

ಲಿನಕ್ಸಿನಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ಎಲ್ಲ ಸಾಫ್ಟ್‌ವೇರುಗಳೂ ಬಳಸುವ ಒಂದು ಉಗ್ರಾಣವುಂಟು. ಅದರ ಹೆಸರು ಜಿಲಿಬ್‌ಸಿ. 2014ರಲ್ಲಿ ಬಂದ ಸೆಂಟ್ ಓಎಸ್ 7ರಲ್ಲಿ ಈ ಉಗ್ರಾಣದ ಸಂಖ್ಯೆ 2.17. 2022ರಲ್ಲಿ ಬಂದ ಉಬುಂಟು 22.04ರಲ್ಲಿ ಅದು 2.35. ಹಳೆಯ ಉಗ್ರಾಣದಲ್ಲಿ ಸಿದ್ಧಪಡಿಸಿದ ಸಾಫ್ಟ್‌ವೇರ್ ಸಾಮಾನ್ಯವಾಗಿ ಹೊಸದರಲ್ಲಿಯೂ ನಡೆಯುತ್ತದೆ. ಹೊಸದರಲ್ಲಿ ಸಿದ್ಧಪಡಿಸಿದ್ದನ್ನು ಹಳೆಯದಕ್ಕೆ ತಂದರೆ, “ಜಿಲಿಬ್‌ಸಿ 2.34 ಸಿಗಲಿಲ್ಲ” ಎಂದು ಒಂದು ಸಾಲು ಬರೆದು ನಿಂತುಬಿಡುತ್ತದೆ. ಮಕ್ಕಳೇ, ಆ ಸಾಲನ್ನು ಕಂಡಾಗ ಯಂತ್ರ ಕೆಟ್ಟಿತೆಂದು ಅಂಜಬೇಡಿ. ಕೇಳಿದ ಸಾಮಾನು ಉಗ್ರಾಣದಲ್ಲಿಲ್ಲ ಎಂದಷ್ಟೇ ಅದರ ಅರ್ಥ.

ಹೊಸದೇ ಏಕೆ ಸಾಲದು, ಹಳೆಯದೇ ಏಕೆ ಆಗದು?

ಆಪಲ್ ಕಂಪೆನಿ 2019ರ ಅಕ್ಟೋಬರಿನಲ್ಲಿ ಮ್ಯಾಕ್ ಓಎಸ್ 10.15 ಎಂಬ ಆವೃತ್ತಿಯನ್ನು ಬಿಟ್ಟಿತು. 32 ಬಿಟ್ಟಿನ ಹಳೆಯ ಸಾಫ್ಟ್‌ವೇರುಗಳು ಯಾವುವೂ ಅದರ ಮೇಲೆ ಓಡುವುದಿಲ್ಲ. ಹಿಂದಿನ ದಿನ ನಡೆಯುತ್ತಿದ್ದುದು, ಅಪ್‌ಡೇಟ್ ಎಂಬ ಗುಂಡಿ ಒತ್ತಿದ ಮಾತ್ರಕ್ಕೆ ಮರುದಿನ ನಿಂತಿತು. ಹೊಸದೆಂದು ಹಾರಿದವರಿಗೆ ಬಂದ ಫಲ ಇದು.

ಹಾಗಾದರೆ ಹಳೆಯದರಲ್ಲೇ ಇದ್ದುಬಿಡೋಣವೇ? ಅದೂ ಆಗದು. ವಿಜ್ಞಾನದವರು ಇಂದು ಬಹಳವಾಗಿ ಬಳಸುವ ಪೈಥಾನ್ ಭಾಷೆಯನ್ನು ನೋಡಿ. ಅದರ 3.8ನೆಯ ಆವೃತ್ತಿಯ ವರೆಗೆ ವಿಂಡೋಸ್ 7ರ ಮೇಲೆ ಓಡುತ್ತಿತ್ತು, 3.9 ಓಡುವುದಿಲ್ಲ. ಅದೂ ಅಲ್ಲದೆ, ಪ್ರತಿಯೊಂದು ಆವೃತ್ತಿಗೂ ಒಂದು ಗಡುವು ಇರುತ್ತದೆ. ಆ ದಿನದ ನಂತರ ಅದರ ತೂತುಗಳನ್ನು ಕಂಪೆನಿ ತೇಪೆ ಹಾಕಿ ಮುಚ್ಚುವುದಿಲ್ಲ. ವಿಂಡೋಸ್ 7ರ ಗಡುವು 2020ರ ಜನವರಿ 14ಕ್ಕೆ ಮುಗಿಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಇಟ್ಟ ಗಡುವು 2025ರ ಅಕ್ಟೋಬರ್ 14.

ತೇಪೆಯಿಲ್ಲದ ಯಂತ್ರಗಳಿಗೆ ಏನಾಗುತ್ತದೆ ಎಂಬುದನ್ನು 2017ರ ಮೇ ತಿಂಗಳಲ್ಲಿ ಜಗತ್ತು ನೋಡಿತು. ವಾನಾಕ್ರೈ ಎಂಬ ಪಿಡುಗು ಹರಡಿ, ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿ, ಕೊಟ್ಟಿತ್ತು. ಹಾಕಿಕೊಳ್ಳದಿದ್ದ ಯಂತ್ರಗಳು ಸಿಕ್ಕಿಬಿದ್ದವು.

ಆದುದರಿಂದ ಬೇಕಾದುದು ಹೊಂದುವ ಆವೃತ್ತಿ, ಅದರಲ್ಲಿಯೂ ಗಡುವು ಇನ್ನೂ ದೂರವಿರುವ ಆವೃತ್ತಿ. ಗಿರಣಿಯಲ್ಲಿದ್ದ ಹಿರಿಯರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಲಾಳಿ ಎಷ್ಟೇ ಹೊಸದಿರಲಿ, ಸಾಂಚೆಯ ಅಳತೆಗೆ ಕೂರದಿದ್ದರೆ ನೂಲು ಹರಿಯಿತೆಂದೇ ಲೆಕ್ಕ.

ದೊಡ್ಡವರಿಗೂ ತಪ್ಪದ ತೊಂದರೆ

ಇದು ಬಡವರ ಮನೆಯ ತೊಂದರೆ ಮಾತ್ರ ಎಂದು ತಿಳಿಯಬೇಡಿ. ಅಮೆರಿಕದ ಫರ್ಮಿಲ್ಯಾಬ್ ಮತ್ತು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯಗಳು ಪರಮಾಣುವಿಗಿಂತ ಸೂಕ್ಷ್ಮವಾದ ಕಣಗಳನ್ನು ಪರಿಶೀಲಿಸುವ ಸಂಸ್ಥೆಗಳು. ಅವರ ಲೆಕ್ಕಗಳು ಹತ್ತಾರು ದೇಶಗಳ ಕಂಪ್ಯೂಟರುಗಳ ಮೇಲೆ ನಡೆಯಬೇಕು, ಎಲ್ಲ ಕಡೆಗೂ ನೆಲಗಟ್ಟು ಒಂದೇ ಇರಬೇಕು. ಅದಕ್ಕಾಗಿಯೇ 2004ರಲ್ಲಿ ಅವರು ಸೈಂಟಿಫಿಕ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ತಂದರು. 2012ರ ಜುಲೈ 4ರಂದು ಸರ್ನ್ ಪ್ರಕಟಿಸಿದ ಹಿಗ್ಸ್ ಕಣದ ಶೋಧ ಈ ಕಾಲದ್ದು. ಆ ಶೋಧ ಮಾಡಿದ ಎರಡು ಪ್ರಯೋಗಗಳಲ್ಲಿ ಒಂದಾದ ಸಿಎಂಎಸ್‌ನಲ್ಲಿ, ನಮ್ಮ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯೂ ಪಾಲುದಾರ.

ಮುಂದೇನಾಯಿತು? 2019ರಲ್ಲಿ ಫರ್ಮಿಲ್ಯಾಬು, ಸೈಂಟಿಫಿಕ್ ಲಿನಕ್ಸಿನ 8ನೆಯ ಆವೃತ್ತಿಯನ್ನು ತಾನು ತರುವುದಿಲ್ಲ, ಸೆಂಟ್ ಓಎಸ್ 8ಕ್ಕೆ ಹೋಗುತ್ತೇನೆ ಎಂದಿತು. ಆದರೆ 2029ರ ವರೆಗೆ ನಡೆಯುವುದೆಂದು ಎಲ್ಲರೂ ನಂಬಿದ್ದ ಸೆಂಟ್ ಓಎಸ್ 8, 2021ರ ಡಿಸೆಂಬರ್ 31ಕ್ಕೇ ನಿಲ್ಲುವುದೆಂದು 2020ರ ಡಿಸೆಂಬರಿನಲ್ಲಿ ಪ್ರಕಟಣೆ ಬಂತು. ನಂಬಿದ್ದ ಕಂಬವೇ ಸರಿದುಹೋಯಿತು. 2022ರ ಡಿಸೆಂಬರಿನಲ್ಲಿ ಸರ್ನ್ ಮತ್ತು ಫರ್ಮಿಲ್ಯಾಬ್ ಕೂಡಿ, ಆಲ್ಮಾ ಲಿನಕ್ಸನ್ನು ಬಳಸಿರೆಂದು ತಮ್ಮ ಪ್ರಯೋಗಗಳಿಗೆ ಸಲಹೆ ಕೊಟ್ಟವು. ಸೆಂಟ್ ಓಎಸ್ 7 ಕೂಡ 2024ರ ಜೂನ್ 30ಕ್ಕೆ ಮುಗಿಯಿತು.

ಇದರಲ್ಲಿ ನಮಗೊಂದು ಪಾಠವಿದೆ. ಆಪರೇಟಿಂಗ್ ಸಿಸ್ಟಮನ್ನು ಆರಿಸುವಾಗ ಅದು ಇಂದು ಹೇಗಿದೆ ಎಂಬುದರ ಜೊತೆಗೆ, ಅದನ್ನು ಎಷ್ಟು ವರ್ಷ ನೋಡಿಕೊಳ್ಳುತ್ತಾರೆ, ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಕೇಳಬೇಕು. ಬಾಡಿಗೆಯ ಖೋಲಿ ಹಿಡಿಯುವಾಗ ಗೋಡೆಯನ್ನಷ್ಟೇ ನೋಡುತ್ತೇವೆಯೇ? ಕರಾರು ಎಷ್ಟು ದಿನದ್ದೆಂದೂ ನೋಡುತ್ತೇವೆ.

ಉತ್ತರವೇ ಬೇರೆ ಬಂದರೆ?

ಬಂಧುಗಳೇ, ಸಾಫ್ಟ್‌ವೇರ್ ಓಡದಿದ್ದರೆ ಅದು ಸಣ್ಣ ತೊಂದರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಓಡಿ, ತಪ್ಪು ಉತ್ತರ ಕೊಟ್ಟರೆ? ಅದು ದೊಡ್ಡ ತೊಂದರೆ.

2014ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ರಸಾಯನ ವಿಜ್ಞಾನಿಗಳು, ಒಂದು ಪದಾರ್ಥದ ಅಣುರಚನೆಯನ್ನು ಕಂಡುಹಿಡಿಯಲು ನೆರವಾಗುವ ಚಿಕ್ಕ ಪೈಥಾನ್ ಪ್ರೋಗ್ರಾಮುಗಳನ್ನು ಪ್ರಕಟಿಸಿದರು. ಅನೇಕರು ಅದನ್ನು ಬಳಸಿದರು. 2019ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದವರು ಒಂದೇ ಅಂಕಿಅಂಶಗಳನ್ನು ಬೇರೆ ಬೇರೆ ಆಪರೇಟಿಂಗ್ ಸಿಸ್ಟಮುಗಳ ಮೇಲೆ ಓಡಿಸಿ ನೋಡಿದರು. ವಿಂಡೋಸ್ 10 ಮತ್ತು ಮ್ಯಾಕಿನ ಮ್ಯಾವರಿಕ್ಸ್ ಆವೃತ್ತಿ ಕೊಟ್ಟ ಉತ್ತರ 173.2. ಮ್ಯಾಕಿನದೇ ಮೊಹಾವಿ ಆವೃತ್ತಿಯಲ್ಲಿ 172.7. ಉಬುಂಟು 16ರಲ್ಲಿ 172.4. ಅಂಕಿ ಅದೇ, ಪ್ರೋಗ್ರಾಮು ಅದೇ, ಉತ್ತರ ಮಾತ್ರ ಬೇರೆ!

ಕಾರಣ ಬಹಳ ಸರಳ. ಆ ಪ್ರೋಗ್ರಾಮು ಕಡತಗಳ ಪಟ್ಟಿಯನ್ನು ಆಪರೇಟಿಂಗ್ ಸಿಸ್ಟಮಿನಿಂದ ಕೇಳುತ್ತಿತ್ತು. ಪಟ್ಟಿ ಹೆಸರಿನ ಕ್ರಮದಲ್ಲಿಯೇ ಬರುವುದೆಂದು ಅದನ್ನು ಬರೆದವರು ಎಣಿಸಿದ್ದರು. ಕೆಲವು ವ್ಯವಸ್ಥೆಗಳು ಹಾಗೆ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕ್ರಮ ತಪ್ಪಿದಾಗ ಒಂದರ ಅಂಕಿ ಇನ್ನೊಂದಕ್ಕೆ ಜೋಡಿಯಾಯಿತು. ಐದನೆಯ ಮೇಜಿನ ಬಿಲ್ಲು ಏಳನೆಯ ಮೇಜಿಗೆ ಹೋದಂತೆ! ಗಲ್ಲಾದಲ್ಲಿ ಕುಳಿತವನಿಗೆ ಮೊತ್ತ ಕೂಡಿಸಲು ಬರುತ್ತದೆ, ಕೂಡಿಸಿಯೂ ಕೊಡುತ್ತಾನೆ. ಆದರೆ ಹಣ ಕೊಡುವವನು ಬೇರೆ. ಪಟ್ಟಿಯನ್ನು ಮೊದಲು ಕ್ರಮಕ್ಕೆ ಹಚ್ಚುವಂತೆ ಸ್ವಲ್ಪ ತಿದ್ದಿದಾಗ ದೋಷ ಹೋಯಿತು.

ಇನ್ನೊಂದು ಉದಾಹರಣೆ ಮಿದುಳಿಗೆ ಸಂಬಂಧಿಸಿದ್ದು. ಎಂ.ಆರ್.ಐ. ಚಿತ್ರದಿಂದ ಮಿದುಳಿನ ಭಾಗಗಳ ಗಾತ್ರವನ್ನು ಅಳೆಯುವ ಫ್ರೀಸರ್ಫರ್ ಎಂಬ ಸಾಫ್ಟ್‌ವೇರ್ ಉಂಟು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದೇ ಚಿತ್ರಗಳನ್ನು ಬೇರೆ ಬೇರೆ ಆವೃತ್ತಿಗಳಲ್ಲಿ ಅಳೆದರು. ಸಾಫ್ಟ್‌ವೇರಿನ ಆವೃತ್ತಿ ಬದಲಾದಾಗ ಗಾತ್ರದ ಅಳತೆಯಲ್ಲಿ ಸರಾಸರಿ ಶೇಕಡ 8.8ರಷ್ಟು, ಮಿದುಳಿನ ಹೊರಪದರದ ದಪ್ಪದಲ್ಲಿ ಶೇಕಡ 2.8ರಷ್ಟು ವ್ಯತ್ಯಾಸ ಕಂಡಿತು. ಸಾಫ್ಟ್‌ವೇರನ್ನು ಮುಟ್ಟದೆ ಮ್ಯಾಕಿನ ಆವೃತ್ತಿಯನ್ನು ಮಾತ್ರ 10.5ರಿಂದ 10.6ಕ್ಕೆ ಬದಲಿಸಿದಾಗಲೂ ಇದರ ಸುಮಾರು ಅರ್ಧದಷ್ಟು ವ್ಯತ್ಯಾಸ ಬಂತು. ಮನುಷ್ಯನ ಮಿದುಳು ಬದಲಾಗಲಿಲ್ಲ, ಅಳೆಯುವ ಸೇರು ಬದಲಾಯಿತು. ವೈದ್ಯರು ಇಂತಹ ಅಂಕಿಗಳಿಂದಲೇ ರೋಗ ಏರಿತೋ ಇಳಿಯಿತೋ ಎಂದು ವಿಚಾರ ಮಾಡುವವರಾದುದರಿಂದ ಇದು ಲಘುವಾದ ಮಾತಲ್ಲ.

ಆ ಅಧ್ಯಯನ ಕೊಟ್ಟ ಬುದ್ಧಿವಾದವನ್ನು ನೀವು ಬರೆದಿಟ್ಟುಕೊಳ್ಳಬಹುದು: ಒಂದು ಅಧ್ಯಯನ ನಡೆಯುತ್ತಿರುವಾಗ ನಡುವೆ ಸಾಫ್ಟ್‌ವೇರನ್ನಾಗಲಿ ಆಪರೇಟಿಂಗ್ ಸಿಸ್ಟಮನ್ನಾಗಲಿ ಬದಲಿಸಬಾರದು. ಬದಲಿಸಿದರೆ ಮೊದಲಿನಿಂದ ಎಲ್ಲವನ್ನೂ ಮತ್ತೆ ಅಳೆಯಬೇಕು. ಒಂದೇ ಅಳತೆಯ ಅಕ್ಕಿ ಉದ್ದಿನ ಹಿಟ್ಟು ಬೆಂಗಳೂರಿನ ಡಿಸೆಂಬರಿನಲ್ಲಿ ಹುಳಿಯುವುದೇ ಬೇರೆ, ಮುಂಬಯಿಯ ಮೇ ತಿಂಗಳಲ್ಲಿ ಹುಳಿಯುವುದೇ ಬೇರೆ ಎಂಬುದನ್ನು ನಮ್ಮ ಭಟ್ಟರು ಓದದೆಯೇ ಬಲ್ಲರು.

ಆರಿಸುವ ಕ್ರಮ

ಇನ್ನು ಮಾಡಬೇಕಾದುದೇನು? ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಕಾಲೇಜಿನಲ್ಲಿ ಅಧ್ಯಾಪಕರನ್ನು ಕೇಳಿ. “ಯಾವ ಸಾಫ್ಟ್‌ವೇರ್?” ಎಂದು ಕೇಳಿದರೆ ಸಾಲದು, “ಎಷ್ಟನೆಯ ಆವೃತ್ತಿ?” ಎಂದೂ ಕೇಳಬೇಕು. ಕೇಳಲು ಸಂಕೋಚಪಡಬೇಡಿ. ಅಧ್ಯಾಪಕರಿಗೆ ಇದು ಒಳ್ಳೆಯ ಪ್ರಶ್ನೆಯೆಂದೇ ತೋರುವುದು.

ಎರಡನೆಯದಾಗಿ, ಆ ಸಾಫ್ಟ್‌ವೇರ್ ಮಾಡಿದವರೇ ಬರೆದಿರುವ ಸ್ಥಾಪನೆಯ ಸೂಚನೆಯನ್ನು ಓದಿ. ಯಾವ ಯಾವ ಆಪರೇಟಿಂಗ್ ಸಿಸ್ಟಮುಗಳ ಮೇಲೆ ಪರೀಕ್ಷಿಸಿದ್ದೇವೆ ಎಂದು ಅವರು ಪಟ್ಟಿ ಕೊಟ್ಟಿರುತ್ತಾರೆ. ಪಟ್ಟಿಯಲ್ಲಿ ಇಲ್ಲದುದರ ಮೇಲೆ ಓಡಿದರೂ ಓಡೀತು, ಆದರೆ ಕೈಕೊಟ್ಟಾಗ ಕೇಳುವವರಿರುವುದಿಲ್ಲ.

ಒಂದು ನಿಜವಾದ ಲೆಕ್ಕ ನೋಡೋಣ. ಎಂಜಿನಿಯರಿಂಗಿನಲ್ಲಿ ರೋಬೋಟುಗಳ ಪಾಠಕ್ಕೆ ರಾಸ್ ಎಂಬ ಸಾಫ್ಟ್‌ವೇರನ್ನು ಬಳಸುತ್ತಾರೆ. ಅದರ ಹಂಬಲ್ ಎಂಬ ಆವೃತ್ತಿ 2022ರ ಮೇ ತಿಂಗಳಲ್ಲಿ ಬಂದುದು, ಅದರ ಜೋಡಿ ಉಬುಂಟು 22.04. ಜಾಝಿ ಎಂಬ ಆವೃತ್ತಿ 2024ರ ಮೇ ತಿಂಗಳಲ್ಲಿ ಬಂದುದು, ಅದರ ಜೋಡಿ ಉಬುಂಟು 24.04. ಹುಡುಗನಿಗೆ ಅಧ್ಯಾಪಕರು ಹಂಬಲ್ ಬೇಕೆಂದು ಹೇಳಿದ್ದಾರೆ. ಅವನು 24.04 ಹೊಸದೆಂದು ಅದನ್ನೇ ಹಾಕಿದರೆ, ಹಂಬಲ್‌ನ ಸಿದ್ಧ ಕಟ್ಟುಗಳು ಅದಕ್ಕೆ ಸಿಗುವುದಿಲ್ಲ. ಎರಡು ವರ್ಷ ಹಳೆಯದಾದ 22.04 ಅವನಿಗೆ ಸರಿಯಾದುದು. ಉಬುಂಟುವಿಗೂ ರಾಸ್‌ಗೂ ಒಂದು ಪೈಸೆ ಬೆಲೆಯಿಲ್ಲ ಎಂಬುದನ್ನೂ ತಂದೆತಾಯಂದಿರು ಗಮನಿಸಬೇಕು.

ಮೂರನೆಯದಾಗಿ, ಪಟ್ಟಿಯಲ್ಲಿರುವವುಗಳಲ್ಲಿ ಗಡುವು ದೂರವಿರುವುದನ್ನು ಆರಿಸಿ. ಉಬುಂಟುವಿನ ದೀರ್ಘಾವಧಿಯ ಆವೃತ್ತಿಗಳು ಸಮಸಂಖ್ಯೆಯ ವರ್ಷಗಳ ಏಪ್ರಿಲಿನಲ್ಲಿ ಬರುತ್ತವೆ, ಐದು ವರ್ಷ ಉಚಿತವಾಗಿ ತೇಪೆ ಸಿಗುತ್ತದೆ. ಹೆಸರಿನಲ್ಲಿರುವ 22.04 ಎಂದರೆ 2022ನೆಯ ಇಸವಿ, ನಾಲ್ಕನೆಯ ತಿಂಗಳು. ಪದವಿ ಮುಗಿಯುವ ವರ್ಷ ಆ ಐದರೊಳಗೆ ಬರುತ್ತದೆಯೇ ಎಂದು ಬೆರಳೆಣಿಸಿ ನೋಡಿ.

ನಾಲ್ಕನೆಯದಾಗಿ, ಯಂತ್ರದ ಒಳಭಾಗಗಳನ್ನು ವಿಚಾರಿಸಿ. ಎನ್‌ವಿಡಿಯಾ ಕಂಪೆನಿಯ ಕುಡಾ ಎಂಬ ಸಾಧನ ಬೇಕೆಂದು ಅಧ್ಯಾಪಕರು ಹೇಳಿದ್ದರೆ ಆಪಲ್ ಯಂತ್ರ ಕೊಳ್ಳಬೇಡಿ. ಮ್ಯಾಕಿಗೆ ಕುಡಾ ಒದಗಿದ್ದು 2019ರ 10.2ನೆಯ ಆವೃತ್ತಿಯ ವರೆಗೆ ಮಾತ್ರ. ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡ ನಂತರವೇ ಅಂಗಡಿಯ ಮೆಟ್ಟಿಲು ಹತ್ತಿ.

ಐದನೆಯದಾಗಿ, ಈಗಾಗಲೇ ಹೊಂದದ ಯಂತ್ರವನ್ನು ಕೊಂಡಿದ್ದರೆ ಎದೆಗುಂದಬೇಡಿ. ಇನ್ನೊಂದನ್ನು ಕೊಳ್ಳಬೇಕಾಗಿಲ್ಲ. ವರ್ಚುವಲ್ ಮೆಷೀನ್ ಎಂಬ ಉಪಾಯವಿದೆ. ಅದು ಮನೆಯೊಳಗೊಂದು ಮನೆ. ವಿಂಡೋಸಿನ ಒಳಗೇ ಉಬುಂಟುವನ್ನು ಕೂರಿಸಬಹುದು, ಆದರೆ ಯಂತ್ರದಲ್ಲಿ ಸಾಕಷ್ಟು ಮೆಮೊರಿ ಇರಬೇಕು. ಎರಡನೆಯ ಉಪಾಯ ಕಂಟೇನರ್. 2013ರಲ್ಲಿ ಬಂದ ಡಾಕರ್ ಮತ್ತು ವಿಜ್ಞಾನದ ದೊಡ್ಡ ಕಂಪ್ಯೂಟರುಗಳಲ್ಲಿ ಬಳಸುವ ಆಪ್‌ಟೈನರ್ ಈ ಬಗೆಯವು. ಇದನ್ನು ಬುತ್ತಿಯ ಡಬ್ಬಾ ಎನ್ನಬಹುದು. ಸಾಫ್ಟ್‌ವೇರ್ ತನಗೆ ಬೇಕಾದ ಉಗ್ರಾಣದ ಸಾಮಾನನ್ನೆಲ್ಲ ಕಟ್ಟಿಕೊಂಡು ಬರುತ್ತದೆ. ಆದರೆ ಬಿಸಿ ಮಾಡಲು ಒಲೆ ಮಾತ್ರ ನಿಮ್ಮ ಮನೆಯದೇ, ಅಂದರೆ ಆಪರೇಟಿಂಗ್ ಸಿಸ್ಟಮಿನ ಒಳತಿರುಳು ನಿಮ್ಮ ಯಂತ್ರದ್ದೇ. ಆದುದರಿಂದ ಅದರಿಂದ ಎಲ್ಲ ರೋಗವೂ ವಾಸಿಯಾಗದು.

ಹಳೆಯ ಉಪಕರಣವೊಂದಕ್ಕೆ ಜೋಡಿಸಿದ ಹಳೆಯ ವಿಂಡೋಸ್ ಯಂತ್ರ ಪ್ರಯೋಗಾಲಯದಲ್ಲಿ ಇದ್ದರೆ, ಅದನ್ನು ಹೊಸದು ಮಾಡಲು ಹೋಗಿ ಉಪಕರಣವನ್ನೇ ಮೂಕವಾಗಿಸಬೇಡಿ. ಅದನ್ನು ಇಂಟರ್ನೆಟ್ಟಿಗೆ ಜೋಡಿಸದೆ, ಆ ಒಂದೇ ಕೆಲಸಕ್ಕೆ ಮೀಸಲಿಡುವುದು ಲೇಸು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದುದು: ಬರೆದಿಡಿ. ಲೆಕ್ಕದ ಉತ್ತರದ ಪಕ್ಕದಲ್ಲಿ ಸಾಫ್ಟ್‌ವೇರಿನ ಹೆಸರು, ಅದರ ಆವೃತ್ತಿ, ಆಪರೇಟಿಂಗ್ ಸಿಸ್ಟಮಿನ ಆವೃತ್ತಿ, ದಿನಾಂಕ ಇವು ನಾಲ್ಕೂ ಇರಬೇಕು. ಇವಿಲ್ಲದ ಉತ್ತರ ತಾರೀಖಿಲ್ಲದ ರಸೀದಿಯ ಹಾಗೆ. ಹಣ ಕೊಟ್ಟಿರುವುದು ನಿಜವಾದರೂ ತಕರಾರು ಬಂದಾಗ ಅದು ನಿಲ್ಲುವುದಿಲ್ಲ.

ಸಂಘಕ್ಕೊಂದು ಬಿನ್ನಹ

ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರ ಪರಂಪರೆ ನಮ್ಮದು. ಅಲ್ಲಿ ಹಿಂದಿನ ವರ್ಷ ಪಾಸಾದವನ ಪುಸ್ತಕ ಮುಂದಿನ ವರ್ಷದವನ ಕೈಗೆ ಹೋಗುತ್ತಿತ್ತು. ಆ ಪದ್ಧತಿಯನ್ನು ಇದಕ್ಕೂ ತರಬಹುದು. ಈ ವಾಚನಾಲಯದ ಮೇಜಿನ ಮೇಲೆ ಒಂದು ವಹಿಯನ್ನು ಇಡಬೇಕೆಂದು ಅಧ್ಯಕ್ಷರಲ್ಲಿ ಬಿನ್ನಹ. ಕಾಲೇಜಿಗೆ ಹೋಗುವ ಪ್ರತಿಯೊಬ್ಬ ಮಗುವೂ ತನಗೆ ಯಾವ ಪಾಠಕ್ಕೆ ಯಾವ ಸಾಫ್ಟ್‌ವೇರ್ ಬೇಕಾಯಿತು, ಎಷ್ಟನೆಯ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮಿನ ಮೇಲೆ ಸರಿಯಾಗಿ ಓಡಿತು, ಯಾವುದರ ಮೇಲೆ ಓಡಲಿಲ್ಲ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಲಿ. ಒಂದೆರಡು ವರ್ಷದಲ್ಲಿ ಅದು ಯಾವ ಅಂಗಡಿಯವನೂ ಕೊಡಲಾರದ ಸಲಹೆಯ ಪುಸ್ತಕವಾಗುವುದು. ಮುಂದೆ ನಮ್ಮಲ್ಲಿ ಯಾರೇ ಸಾಲ ತೆಗೆದು ಯಂತ್ರ ಕೊಳ್ಳಲು ಹೊರಟರೂ, ಮೊದಲು ಇಲ್ಲಿಗೆ ಬಂದು ಈ ವಹಿಯನ್ನು ತೆರೆದು ನೋಡುವಂತಾಗಲಿ.

ಪಾಳಿ ಮುಗಿಸಿ ದಣಿದು ಬಂದವರು ಇಷ್ಟು ಹೊತ್ತು ಶಾಂತರಾಗಿ ಕುಳಿತು ಕೇಳಿದಿರಿ. ಮಕ್ಕಳು ಏನಾದರೂ ಕೇಳುವುದಿದ್ದರೆ ಕೇಳಲಿ, ನಾನು ಇಲ್ಲಿಯೇ ಇರುತ್ತೇನೆ.